ಮಾವನ ಮೂಲೆ

ನಮ್ಮ ಊರಿನಲ್ಲಿ ಸಬ್‌ವೂಫರ್ ಎಂಬ ತಗ್ಗು ಸದ್ದಿನ ಸ್ಪೀಕರ್ ಡಬ್ಬ ಕೊಳ್ಳುವವರು ಮೊದಲು ಅಂಗಡಿಯವರನ್ನು ಮನೆಗೆ ಕರೆಸಿ ಅಂಬೆಗಾಲಿಡಿಸಬೇಕು. ಇದು ಎಲ್ಲಿಯೂ ಬರೆದಿಟ್ಟ ಕಾನೂನಲ್ಲ. ಆದರೆ ಪೇಟೆ ಬೀದಿಯ ಬಷೀರಣ್ಣ ಹಾಗೆ ಮಾಡದೆ ಈವರೆಗೆ ಒಂದು ಡಬ್ಬವನ್ನೂ ಮಾರಿದವರಲ್ಲ. ಅರವತ್ತು ದಾಟಿದ ಮನುಷ್ಯ ಎರಡೂ ಮಂಡಿಗೆ ಹಳೆಯ ಟವೆಲು ಕಟ್ಟಿಕೊಂಡು, ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಗೋಡೆಯ ಬುಡಕ್ಕೆ ಕಿವಿ ಕೊಟ್ಟು ನಡುಮನೆಯ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾರೆ. ಆ ಮನೆಯಲ್ಲಿ ತೀರಿಕೊಂಡವರ ಧ್ವನಿ ಯಾವ ಮೂಲೆಯಲ್ಲಿ ಕೂತಿದೆ ಎಂದು ಗೊತ್ತಾದ ಕೂಡಲೇ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, "ಇಲ್ಲಿಂದ ಎಂಟಡಿ" ಎನ್ನುತ್ತಾರೆ. ಆ ಎಂಟಡಿಯೊಳಗೆ ಗುಡುಗುವಂಥದ್ದು ಯಾವುದನ್ನೂ ಇಡುವಂತಿಲ್ಲ. ನಮ್ಮ ಮನೆಯಲ್ಲಿ ಅವರು ಎಳೆದ ಗೆರೆಯನ್ನು ನಾನು ಒದ್ದೆ ಬಟ್ಟೆಯಿಂದ ಒರೆಸಿದೆ. ಹೇಳಬೇಕಾದದ್ದು ಇಷ್ಟೇ. ಆದರೂ ಪೂರ್ತಿ ಹೇಳುತ್ತೇನೆ, ಹೇಳದಿದ್ದರೆ ಎದೆಯಲ್ಲಿ ಕಲ್ಲು ಇಟ್ಟುಕೊಂಡಂತಿದೆ.

ನನ್ನದು ಕನ್ನಡಕದ ಅಂಗಡಿ. ಊರಿನ ಅರ್ಧಕ್ಕರ್ಧ ಮೂಗುಗಳ ಮೇಲೆ ನಾನು ಕೂರಿಸಿದ ಫ್ರೇಮುಗಳಿವೆ. ಕಣ್ಣಿನ ವ್ಯಾಪಾರದವನಿಗೆ ಕಿವಿಯ ಹುಚ್ಚು ಯಾಕೆ ಹತ್ತಿತು ಎಂದು ನೀವು ಕೇಳಬಹುದು. ನನ್ನ ಸ್ವಭಾವವೇ ಹಾಗೆ. ಒಂದು ವಿಷಯ ತಲೆಗೆ ಹೊಕ್ಕರೆ ಅದರ ಬುಡ ಮುಟ್ಟುವವರೆಗೆ ನನಗೆ ಊಟ ಸೇರುವುದಿಲ್ಲ, ಬುಡ ಮುಟ್ಟಿದ ಮೇಲೆ ಸಿಕ್ಕಸಿಕ್ಕವರಿಗೆ ಪಾಠ ಹೇಳದೆ ಬಿಡುವುದಿಲ್ಲ. ನನ್ನ ಹೆಂಡತಿ ಇಂದುಮತಿ ಇದಕ್ಕೆ ಜ್ವರ ಎಂದು ಹೆಸರಿಟ್ಟಿದ್ದಾಳೆ. ಮೀನಿನ ತೊಟ್ಟಿಯ ಜ್ವರ, ಮನೆಯಲ್ಲೇ ಕಾಫಿ ಬೀಜ ಹುರಿಯುವ ಜ್ವರ, ಹಳೆಯ ಗಡಿಯಾರ ಬಿಚ್ಚುವ ಜ್ವರ ಎಲ್ಲ ಬಂದು ಹೋಗಿದ್ದವು. ಮೀನುಗಳು ಮಾತ್ರ ಸತ್ತವು, ಮಿಕ್ಕಂತೆ ಯಾರಿಗೂ ತೊಂದರೆಯಾಗಿರಲಿಲ್ಲ.

ಇಂದುಮತಿಯ ಅಪ್ಪ, ಅಂದರೆ ನನ್ನ ಮಾವ ಲಿಂಗಣ್ಣನವರು, ಊರಿನ ಒಂದೇ ಟಾಕೀಸಿನಲ್ಲಿ ಮೂವತ್ತೆಂಟು ವರ್ಷ ಗೇಟ್ ಕೀಪರ್ ಆಗಿದ್ದರು. ಟಿಕೆಟ್ ಹರಿದು ಅರ್ಧ ಕೈಗೆ ಕೊಡುವುದು, ಕತ್ತಲಲ್ಲಿ ಬ್ಯಾಟರಿ ಬಿಟ್ಟು ಸೀಟು ತೋರಿಸುವುದು ಅವರ ಕೆಲಸ. ತಡವಾಗಿ ಏದುಸಿರು ಬಿಡುತ್ತ ಬಂದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ಬನ್ನಿ ಬನ್ನಿ, ಇನ್ನೂ ಶುರುವಾಗಿಲ್ಲ." ಇಂಟರ್‌ವೆಲ್ ಮುಗಿದ ಮೇಲೆ ಬಂದವರಿಗೂ ಅದನ್ನೇ ಹೇಳುತ್ತಿದ್ದರು. ಬಂದವರು ಬೇಜಾರು ಮಾಡಿಕೊಳ್ಳಬಾರದು ಎಂಬುದಷ್ಟೇ ಅವರ ಲೆಕ್ಕ. ಕೊಡಪಾನದೊಳಗಿಂದ ಬಂದಂಥ ತಗ್ಗಿದ ಧ್ವನಿ ಅವರದು. ಅತ್ತೆ ತೀರಿಕೊಂಡ ಮೇಲೆ ಆರು ವರ್ಷ ನಮ್ಮ ಜೊತೆಯಲ್ಲೇ ಇದ್ದರು. ನಡುಮನೆಯ ಬಾಗಿಲ ಪಕ್ಕದ ಮೂಲೆಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತು, ಹಾಲಿನವನು ಬರಲಿ, ಗ್ಯಾಸಿನವನು ಬರಲಿ, ಅಂಗಡಿ ಮುಚ್ಚಿ ನಾನೇ ಬರಲಿ, "ಬನ್ನಿ ಬನ್ನಿ, ಇನ್ನೂ ಶುರುವಾಗಿಲ್ಲ" ಎನ್ನುತ್ತಿದ್ದರು.

ಅವರು ಹೋಗಿ ಏಳು ತಿಂಗಳಾದ ಮೇಲೆ ಧ್ವನಿ ಕೂತಿತು. ಇಂದುಮತಿ ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಅಂದು ಸಂಜೆ ಆರು ಗಂಟೆಗೆ ಬಂದು ಬಾಗಿಲು ತಳ್ಳಿದಾಗ ಖಾಲಿ ಕುರ್ಚಿಯ ಮೂಲೆಯಿಂದ ಅದೇ ಮಾತು ಬಂತು. ಅವಳು ಹೊಸ್ತಿಲ ಮೇಲೆಯೇ ಕುಸಿದು ಕೂತು ಅತ್ತಳು, ಆಮೇಲೆ ನಕ್ಕಳು, ಆಮೇಲೆ ಎದ್ದು ಹೊರಗೆ ಹೋಗಿ ಇನ್ನೊಂದು ಸಲ ಬಾಗಿಲು ತಳ್ಳಿ ಬಂದಳು. ಧ್ವನಿ ಅವಳನ್ನು ಮತ್ತೆ ಕರೆಯಿತು.

ಎಲ್ಲ ಮನೆಯಲ್ಲೂ ಧ್ವನಿ ಕೂರುವುದಿಲ್ಲ, ಕೂತರೂ ಒಂದೇ ಮಾತು. ಮನುಷ್ಯ ಆ ಮನೆಯಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಯಾವುದೋ ಅದು. ಪಕ್ಕದ ಮನೆಯ ಅಜ್ಜಿ ಇವತ್ತಿಗೂ ಬಚ್ಚಲ ಕಡೆಯಿಂದ "ಲೈಟ್ ಆರ್ಸು" ಎನ್ನುತ್ತಾರೆ, ಮೊಮ್ಮಕ್ಕಳು ಇವತ್ತಿಗೂ ಆರಿಸುವುದಿಲ್ಲ. ಬಾಡಿಗೆಗೆ ಬರುವವರು ನೀರು, ಗಾಳಿ ಕೇಳಿದ ಮೇಲೆ ಮೂರನೆಯದಾಗಿ "ಧ್ವನಿ ಏನು?" ಎಂದು ಕೇಳುತ್ತಾರೆ. ಬೈಗುಳ ಕೂತ ಮನೆಗಳಿಗೆ ಬಾಡಿಗೆದಾರರು ಸಿಗುವುದು ಕಷ್ಟ. ಮದುವೆಯ ಬ್ಯಾಂಡಿನವರು ಹಳೆಯ ಬೀದಿಗಳಿಗೆ ತಿರುಗುವಾಗ ದೊಡ್ಡ ಡ್ರಮ್ಮನ್ನು ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಡೆಯುತ್ತಾರೆ. ಮಿಕ್ಸಿಯ ಕೆಳಗೆ ಗೋಣಿಚೀಲ ಮಡಿಸಿ ಇಡುವುದನ್ನು ನಮ್ಮೂರ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಕೀರಲು ಸದ್ದಿಗೆ ಧ್ವನಿ ಅಲುಗುವುದಿಲ್ಲ. ನೆಲ ನಡುಗಿಸುವ ತಗ್ಗು ಸದ್ದು ಮಾತ್ರ ಅದಕ್ಕೆ ಆಗದು.

ಮಾವ ಹೋದ ಮರುವರ್ಷ ಟಾಕೀಸು ಮುಚ್ಚಿತು. ಈಗ ಅದರೊಳಗೆ ಪ್ಲಾಸ್ಟಿಕ್ ಕುರ್ಚಿಗಳ ಗೋದಾಮಿದೆ. ಇಂದುಮತಿ ಅಂದಿನಿಂದ ಒಂದೂ ಸಿನಿಮಾ ನೋಡಲಿಲ್ಲ. ಟಿವಿಯಲ್ಲಿ ಬಂದರೆ, "ಇದೇನು ಸಿನಿಮಾನಾ, ಬೆಂಕಿಪೊಟ್ಟಣದಲ್ಲಿ ಜೀರುಂಡೆ ಕೂಗಿದ ಹಂಗಿದೆ" ಎಂದು ಎದ್ದು ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಹಿಂದಿನ ಸಾಲಿನ ಕೊನೆಯ ಸೀಟಿನಲ್ಲಿ, ಅಪ್ಪನ ಸ್ಟೂಲಿನ ಪಕ್ಕ ಕೂತು ನೋಡಿದವಳು. ಪರದೆಯ ಮೇಲೆ ರೈಲು ಬಂದರೆ ಸೀಟಿನ ಹಲಗೆ ತೊಡೆಗೆ ತಾಗಿ ನಡುಗುತ್ತಿತ್ತಂತೆ. ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ದಿನಕ್ಕೆ ಆ ನಡುಕವನ್ನು ಮನೆಗೆ ತಂದುಕೊಡುತ್ತೇನೆ ಎಂದು ನಾನು ನಿಶ್ಚಯಿಸಿದೆ. ಹೇಳಿದಾಗ ಅವಳ ಮುಖ ಅರಳಿತು. "ಅಪ್ಪಂಗೂ ಕೇಳ್ಸತ್ತೆ ಅಲ್ವಾ?" ಎಂದಳು. ಆಮೇಲೆ ಒಂದೇ ಒಂದು ಷರತ್ತು ಹಾಕಿದಳು. "ಏನ್ ಬೇಕಾದ್ರೂ ತನ್ನಿ ರೀ. ಆ ಮೂಲೆ ಒಂದನ್ನ ಬಿಟ್ಬಿಡಿ."

ಜ್ವರ ಶುರುವಾಯಿತು. ಮೂರು ತಿಂಗಳು ನಾನು ಗಿರಾಕಿಗಳ ಕಣ್ಣಿನ ನಂಬರು ನೋಡುತ್ತಲೇ ಸ್ಪೀಕರುಗಳನ್ನು ಓಡಿಸುವ ರಿಸೀವರುಗಳ ನಂಬರು ನೋಡಿದೆ. ಐದು ಸ್ಪೀಕರಿನದು ಸಾಕೋ ಏಳು ಸ್ಪೀಕರಿನದು ಬೇಕೋ, ನಾಲ್ಕು ಓಮಿನ ಸ್ಪೀಕರು ಹಾಕಿದರೆ ಬಿಸಿಯಾಗುತ್ತದೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡೆ. ಪಟ್ಟಿ ಮಾಡಿಕೊಂಡು ಬಷೀರಣ್ಣನ ಅಂಗಡಿಗೆ ಹೋದಾಗ ಅವರು ಕಾಗದ ಓದಿ ನಕ್ಕರು. "ಕನ್ನಡಕದ ಸಾರ್, ಡಬ್ಬದ ಮೇಲೆ ನೂರು ವ್ಯಾಟ್ ಅಂತ ಬರ್ದಿರ್ತಾರೆ. ಅದು ಎರಡು ಸ್ಪೀಕರ್ ಓಡ್ಸಿದಾಗ. ಐದೂ ಒಟ್ಟಿಗೆ ಓಡ್ಸಿ, ಅರ್ಧಕ್ಕೆ ಬರತ್ತೆ. ನಿಮ್ಮ ಹಾಲ್‌ಗೆ ಅಷ್ಟೂ ಬೇಡ. ಐದರದ್ದು ತಗೊಳ್ಳಿ, ತೂಕ ಇರೋದ್ ನೋಡಿ ತಗೊಳ್ಳಿ. ರಿಸೀವರ್ ಎತ್ತಿದಾಗ ಸೊಂಟ ನೋಯ್ಬೇಕು, ಆಗ ಒಳಗೆ ಸರಿಯಾದ ಸಾಮಾನಿದೆ ಅಂತ ಲೆಕ್ಕ." ನನಗೆ ಒಳಗೊಳಗೇ ಕೋಪ ಬಂತು. ನಾನು ಮೂರು ತಿಂಗಳು ಓದಿದ್ದನ್ನು ಅವರು ಸೊಂಟದಲ್ಲಿ ಹೇಳಿಬಿಟ್ಟಿದ್ದರು. ಆದರೂ ಅವರು ತೋರಿಸಿದ ರಿಸೀವರನ್ನೇ ಒಪ್ಪಿದೆ, ಅದು ನನ್ನ ಪಟ್ಟಿಯಲ್ಲೂ ಮೊದಲನೆಯದಾಗಿತ್ತು.

ಜಗಳ ಹತ್ತಿದ್ದು ಸಬ್‌ವೂಫರಿನಲ್ಲಿ. ಬಷೀರಣ್ಣ ಒಂದು ಬೆಳಿಗ್ಗೆ ಇಂದುಮತಿ ಕೆಲಸಕ್ಕೆ ಹೋದ ಮೇಲೆ ಬಂದು, ಟವೆಲು ಕಟ್ಟಿಕೊಂಡು, ಅಂಬೆಗಾಲಿನಲ್ಲಿ ಸುತ್ತಿದರು. ಬಾಗಿಲ ಪಕ್ಕದ ಮೂಲೆಗೆ ಬಂದಾಗ ನೆಲಕ್ಕೆ ಕೆನ್ನೆಯಿಟ್ಟು ಬಹಳ ಹೊತ್ತು ಹಾಗೇ ಇದ್ದರು. ಎದ್ದಾಗ ಕಣ್ಣು ಒದ್ದೆಯಾಗಿತ್ತು. "ಲಿಂಗಣ್ಣ ನಮ್ಮನ್ನೆಲ್ಲ ಟಿಕೆಟ್ ಇಲ್ದೆ ಒಳಗೆ ಬಿಡ್ತಿದ್ರು ಸಾರ್. ಇನ್ನೂ ಹಂಗೇ ಕೂತಿದಾರೆ" ಎಂದರು. ಆಮೇಲೆ ಗೆರೆ ಎಳೆದು, ಹೆಜ್ಜೆ ಹಾಕಿ ಅಳೆದು, ಎದುರು ಗೋಡೆಯ ಕಿಟಕಿಯ ಕೆಳಗೆ ಬೆರಳು ತೋರಿಸಿದರು. "ಅಲ್ಲಿ ಇಡ್ಬೇಕು. ಎಂಟಿಂಚಿಂದು, ಮುಚ್ಚಿದ ಪೆಟ್ಟಿಗೇದು. ಕೆಳಗೆ ರಬ್ಬರ್. ಇವರ ಧ್ವನಿ ತುಂಬಾ ತಗ್ಗಿಂದು, ಬೇಗ ಎದ್ದುಹೋಗತ್ತೆ. ಅದಕ್ಕಿಂತ ದೊಡ್ಡದು ನಾನು ಕೊಡಲ್ಲ." ಹನ್ನೆರಡು ಇಂಚಿನದು ಬೇಕೇ ಬೇಕು, ಎಂಟಿಂಚಿನಲ್ಲಿ ರೈಲು ಬರುವುದಿಲ್ಲ, ಸೈಕಲ್ ಬರುತ್ತದೆ ಎಂದು ನಾನು ವಾದಿಸಿದೆ. ಅವರು ಟವೆಲು ಬಿಚ್ಚಿ ಮಡಿಸುತ್ತ, "ಸೈಕಲ್ಲೇ ಬರ್ಲಿ ಬಿಡಿ ಸಾರ್" ಎಂದರು.

ನಾನು ಬಿಡಲಿಲ್ಲ. ಅವರ ಹತ್ತಿರ ರಿಸೀವರು, ಸ್ಪೀಕರು ಮಾತ್ರ ತೆಗೆದುಕೊಂಡು, ಬಸ್ಸು ಹತ್ತಿ ಮೂರು ಗಂಟೆ ದೂರದ ನಗರಕ್ಕೆ ಹೋದೆ. ಅಲ್ಲಿ ಧ್ವನಿಗಳು ಕೂರುವುದಿಲ್ಲ, ಆದ್ದರಿಂದ ಯಾರೂ ಏನೂ ಕೇಳುವುದಿಲ್ಲ. ಹನ್ನೆರಡು ಇಂಚಿನ, ಮುಂದೆ ಗಾಳಿಕಿಂಡಿ ಇರುವ, ಒಬ್ಬನೇ ಎತ್ತಲು ಒದ್ದಾಡಬೇಕಾದ ಡಬ್ಬವನ್ನು ಅಂಗಡಿಯವರು ತೋರಿಸಿ, "ಮೂಲೆಗಿಡಿ ಸಾರ್, ಮೂಲೇಲಿ ಇಟ್ರೆ ಸದ್ದು ಡಬಲ್ ಆಗತ್ತೆ" ಎಂದರು. ಅದನ್ನೇ ಕೊಂಡು ಮನೆಗೆ ತಂದೆ. ಇಂದುಮತಿ ಅದರ ಗಾತ್ರ ನೋಡಿ ಹುಬ್ಬೇರಿಸಿದಳು. "ಬಷೀರಣ್ಣ ಒಪ್ಪಿದ್ರಾ ಇದನ್ನ?" ಎಂದು ಕೇಳಿದಳು. "ಒಪ್ಪಿದ್ರು" ಎಂದೆ. ಗೆರೆಯನ್ನು ಅವಳು ನೋಡುವ ಮೊದಲೇ ಒರೆಸಿಯಾಗಿತ್ತು. ಗೆರೆ ಇದ್ದರೆ ಎಂಟಡಿಯ ಮಾತು ಬರುತ್ತದೆ, ಎಂಟಡಿಯ ಮಾತು ಬಂದರೆ ಎಂಟಿಂಚಿನ ಮಾತೂ ಬರುತ್ತದೆ ಎಂಬುದು ನನ್ನ ಹೆದರಿಕೆ.

ಆದರೂ ಮೊದಲಿಗೆ ನಾನು ಅದನ್ನು ಕಿಟಕಿಯ ಕೆಳಗೇ ಇಟ್ಟೆ, ಸದ್ದನ್ನೂ ತಗ್ಗಿಸಿಯೇ ಇಟ್ಟೆ. ಅಷ್ಟು ನಿಯತ್ತು ನನ್ನಲ್ಲಿ ಇತ್ತು ಎಂದು ಈಗ ನೆನೆದು ಸಮಾಧಾನಪಡುವುದೂ ನಾಚಿಕೆಗೇಡು. ರಿಸೀವರಿನ ಜೊತೆ ಒಂದು ಪುಟ್ಟ ಮೈಕು ಬರುತ್ತದೆ. ನಾವು ಕೂರುವ ಜಾಗದಲ್ಲಿ ಅದನ್ನಿಟ್ಟು ಗುಂಡಿ ಒತ್ತಿದರೆ, ರಿಸೀವರು ಒಂದೊಂದೇ ಸ್ಪೀಕರಿನಿಂದ ಸಣ್ಣಗೆ ಸದ್ದು ಹೊರಡಿಸಿ, ದರ್ಜಿಯ ಹಾಗೆ ಕೋಣೆಯ ಅಳತೆ ತೆಗೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅದು ಅಳತೆ ತೆಗೆಯಲೇ ಇಲ್ಲ. ಫ್ಯಾನು ಆರಿಸಿದೆವು, ಫ್ರಿಜ್ಜು ಆರಿಸಿದೆವು, ಬಾಗಿಲು ಹಾಕಿದೆವು. ಪ್ರತಿ ಸಲವೂ ಟಿವಿಯ ಮೇಲೆ ಒಂದೇ ಸಾಲು ಬಂತು: ಕೋಣೆಯಲ್ಲಿ ಸದ್ದಿದೆ, ನಿಶ್ಶಬ್ದಗೊಳಿಸಿ ಮತ್ತೆ ಪ್ರಯತ್ನಿಸಿ. ನಮ್ಮ ಕಿವಿಗೆ ಕೇಳದ ಯಾವುದೋ ಗುನುಗು ಆ ಮೈಕಿಗೆ ಕೇಳುತ್ತಿತ್ತು. ಇಂದುಮತಿ ಬಿದ್ದು ಬಿದ್ದು ನಕ್ಕಳು. "ಅಪ್ಪನ್ನ ಹೊರಗೆ ಕಳ್ಸಿ ಅಂತಿದೆ ನಿಮ್ಮ ಮಿಷನ್ನು. ಇರ್ಲಿ ಬಿಡಿ, ಅಳತೆ ಇಲ್ದೇನೇ ನೋಡೋಣ" ಎಂದಳು.

ವಾರ್ಷಿಕೋತ್ಸವಕ್ಕೆ ಇನ್ನು ನಾಲ್ಕು ದಿನ ಇತ್ತು. ಕಿಟಕಿಯ ಕೆಳಗಿನ ಡಬ್ಬದಿಂದ ರೈಲು ಬರುತ್ತಲೇ ಇರಲಿಲ್ಲ. ಬರುತ್ತಿತ್ತು, ಆದರೆ ಪಕ್ಕದ ಊರಿನಲ್ಲಿ ಹೋದ ಹಾಗೆ. ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬಂದವನು ಸಬ್‌ವೂಫರನ್ನು ಸೋಫಾದ ಮೇಲೇರಿಸಿ, ಒಂದು ಸಿನಿಮಾದ ರೈಲಿನ ದೃಶ್ಯವನ್ನು ಮತ್ತೆ ಮತ್ತೆ ಹಾಕಿ, ನೆಲದ ಮೇಲೆ ಅಂಬೆಗಾಲಿಡುತ್ತ ಕೋಣೆ ಸುತ್ತಿದೆ. ಸದ್ದು ಎಲ್ಲಿ ಚೆನ್ನಾಗಿ ಕೇಳುತ್ತದೋ ಆ ಜಾಗದಲ್ಲಿ ಡಬ್ಬ ಇಡಬೇಕು, ಇದು ಎಲ್ಲರೂ ಹೇಳುವ ಉಪಾಯ. ಕಿಟಕಿಯ ಬಳಿ ಸಪ್ಪೆ, ಕಪಾಟಿನ ಬಳಿ ಗೊಜ್ಜಿನಂತೆ ಕಲಸಿದ ಸದ್ದು. ಬಾಗಿಲ ಪಕ್ಕದ ಮೂಲೆಗೆ ಬಂದಾಗ ಅಂಗೈ ಕೆಳಗೆ ನೆಲ ನಡುಗಿತು. ಅಲ್ಲಿ ರೈಲು ಇತ್ತು, ಪೂರ್ತಿ ರೈಲು, ಗಾಲಿ ಹಳಿ ಸಮೇತ. ಮಾವನ ಧ್ವನಿ ಕೂರಲು ಆರಿಸಿಕೊಂಡ ಮೂಲೆಯೇ ಈ ಡಬ್ಬಕ್ಕೂ ಬೇಕಾಗಿತ್ತು.

ಒಂದೇ ಸಲ ಎಂದುಕೊಂಡೆ. ಒಂದು ಸಲ ಕೇಳಿ, ಅವಳು ಬರುವಷ್ಟರಲ್ಲಿ ಮತ್ತೆ ಕಿಟಕಿಯ ಕೆಳಗೆ ಇಟ್ಟುಬಿಡುತ್ತೇನೆ ಎಂದುಕೊಂಡೆ. ಬೆತ್ತದ ಕುರ್ಚಿಯನ್ನು ಈಚೆಗೆ ಸರಿಸಿ, ಡಬ್ಬವನ್ನು ಎಳೆದುಕೊಂಡು ಹೋಗಿ ಮೂಲೆಗೆ ಇಟ್ಟು, ಸದ್ದು ಜಾಸ್ತಿ ಮಾಡಿದೆ. ರೈಲು ಬಂತು. ಸೋಫಾದ ಹಲಗೆ ತೊಡೆಗೆ ತಾಗಿ ನಡುಗಿತು, ಷೋಕೇಸಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನಾನು ಚಿಕ್ಕ ಮಗುವಿನ ಹಾಗೆ ಚಪ್ಪಾಳೆ ತಟ್ಟಿದೆ. ಇನ್ನೊಂದು ಸಲ ಹಾಕಿದೆ. ಆಮೇಲೆ, ಇರಲಿ ನೋಡೋಣ ಎಂದು ಮೈಕು ಇಟ್ಟು ಅಳತೆಯ ಗುಂಡಿ ಒತ್ತಿದೆ. ರಿಸೀವರು ತಡವರಿಸಲಿಲ್ಲ. ಐದೂ ಸ್ಪೀಕರುಗಳ ಸರದಿ ಮುಗಿಯಿತು. ಟಿವಿಯ ಮೇಲೆ ಬಂತು: ಕೋಣೆ ನಿಶ್ಶಬ್ದವಾಗಿದೆ, ಅಳತೆ ಪೂರ್ಣಗೊಂಡಿದೆ.

ಒಂದು ಕ್ಷಣ ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ, ಖುಷಿಯೇ ಆಯಿತು. ಕೋಣೆ ನಿಶ್ಶಬ್ದವಾಗಿದೆ ಎಂದರೆ ಏನರ್ಥ ಎಂಬುದು ಆಮೇಲೆ ತಲೆಗೆ ಇಳಿಯಿತು. ಎದ್ದು ಹೋಗಿ ಬಾಗಿಲು ತೆರೆದೆ. ಮುಚ್ಚಿ ಮತ್ತೆ ತೆರೆದೆ. ಹೊರಗೆ ಹೋಗಿ, ಚಪ್ಪಲಿ ಹಾಕಿ, ಬಿಟ್ಟು, ಹೊಸಬನ ಹಾಗೆ ಒಳಗೆ ಬಂದೆ. ಮೂಲೆ ಸುಮ್ಮನೆ ಮೂಲೆಯಾಗಿತ್ತು.

ಡಬ್ಬವನ್ನು ಕಿಟಕಿಯ ಕೆಳಗೆ ಇಟ್ಟು, ಕುರ್ಚಿಯನ್ನು ಅದರ ಜಾಗಕ್ಕೆ ಇಟ್ಟು ಕಾದೆ. ಆರು ಗಂಟೆಗೆ ಇಂದುಮತಿ ಬಂದಳು. ಬಾಗಿಲು ತಳ್ಳಿ ಎಂದಿನಂತೆ ಮೂಲೆಯ ಕಡೆ ಮುಖ ತಿರುಗಿಸಿ ನಿಂತಳು. ಅರ್ಧ ನಗು ಮುಖದ ಮೇಲೆ ಬಂದು ಅಲ್ಲೇ ನಿಂತಿತು. ಮತ್ತೊಮ್ಮೆ ಬಾಗಿಲು ತಳ್ಳಿದಳು. "ಏನ್ರೀ ಇದು, ಅಪ್ಪ ಮಾತಾಡ್ತಿಲ್ಲ?" ಆಗಲೇ ಹೇಳಿಬಿಡಬೇಕಿತ್ತು. ನಾನು ಹೇಳಿದ್ದು ಬೇರೆ. "ಮಳೆಗಾಲದಲ್ಲಿ ಗೋಡೆ ತಂಪು ಹಿಡಿದ್ರೆ ಕೆಲವು ಸಲ ಹಂಗಾಗತ್ತಂತೆ. ಬರತ್ತೆ ಬಿಡು" ಎಂದೆ. ಕಣ್ಣಿನ ನಂಬರು ಹೇಳುವಷ್ಟು ಖಚಿತವಾಗಿ ಹೇಳಿದೆ. ಅವಳು ನಂಬಿದಳು. ವಾರ್ಷಿಕೋತ್ಸವದ ದಿನ ಅವಳು ಸಿನಿಮಾ ಬೇಡವೆಂದಳು, ಅಪ್ಪನ ಧ್ವನಿ ಬರಲಿ ಆಮೇಲೆ ನೋಡೋಣ ಎಂದಳು. ಹದಿನೈದು ದಿನ ಆ ಗೋಡೆಗೆ ಬಿಸಿನೀರಿನ ಚೀಲ ಒತ್ತಿ ಕೂತಳು. ನಾನು ನೀರು ಕಾಯಿಸಿ ಕೊಟ್ಟೆ.

ಹದಿನಾರನೆಯ ದಿನ ಅವಳೇ ಬಷೀರಣ್ಣನನ್ನು ಕರೆದುಕೊಂಡು ಬಂದಳು. ಅವರು ಹನ್ನೆರಡು ಇಂಚಿನ ಡಬ್ಬವನ್ನು ನೋಡಿದರು, ನನ್ನನ್ನು ನೋಡಿದರು. ಟವೆಲು ಕಟ್ಟಿಕೊಂಡು ನೇರ ಮೂಲೆಗೆ ಹೋಗಿ ಕೆನ್ನೆ ಇಟ್ಟರು. ಆಮೇಲೆ ಕುರ್ಚಿಯನ್ನು ಮೆಲ್ಲಗೆ ಸರಿಸಿದರು. ನಮ್ಮದು ಕೆಂಪು ಗಾರೆಯ ನೆಲ. ಅದರ ಮೇಲೆ ಡಬ್ಬದ ಕಾಲಿನ ರಬ್ಬರು ಬಿಟ್ಟ ನಾಲ್ಕು ದುಂಡನೆಯ ಕಪ್ಪು ಗುರುತುಗಳು ಇದ್ದವು, ಕುಣಿದ ಡಬ್ಬದ ಗುರುತುಗಳು. ಬಷೀರಣ್ಣ ಅವುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿದರು. "ಒಂದ್ಸಲ ಎದ್ದಿದ್ದು ಮತ್ತೆ ಕೂರಲ್ಲ ಇಂದಮ್ಮ" ಎಂದಷ್ಟೇ ಹೇಳಿ, ಟವೆಲು ಬಿಚ್ಚುವುದನ್ನೂ ಮರೆತು ಹೊರಟುಹೋದರು.

ಇಂದುಮತಿ ಗುರುತುಗಳನ್ನೇ ನೋಡುತ್ತ ನಿಂತಿದ್ದಳು. "ಅವರು ಗೆರೆ ಎಳೆದಿದ್ರಾ?" ಎಂದು ಕೇಳಿದಳು. "ಎಳೆದಿದ್ರು" ಎಂದೆ. "ಒರೆಸಿದ್ದು ಯಾರು?" "ನಾನು." "ಬಿಸಿನೀರು ಕಾಯ್ಸಿ ಕೊಡೋವಾಗ ಗೊತ್ತಿತ್ತಾ ನಿಮಗೆ?" ಅವಳು ಕೂಗಾಡಲಿಲ್ಲ, ತವರಿಗೆ ಹೋಗುತ್ತೇನೆ ಎನ್ನಲಿಲ್ಲ. ಅವಳ ತವರು ಆ ಮೂಲೆಯಷ್ಟೇ ಆಗಿತ್ತು. ಬೆತ್ತದ ಕುರ್ಚಿಯನ್ನು ಗುರುತುಗಳ ಮೇಲೆ ಸರಿಯಾಗಿ ಇಟ್ಟು, ಅದರಲ್ಲಿ ಕೂತು, ದೀಪ ಹಾಕುವ ಹೊತ್ತಾದರೂ ಏಳಲಿಲ್ಲ.

ರಿಸೀವರು, ಡಬ್ಬ ಎಲ್ಲ ಈಗ ಅಟ್ಟದ ಮೇಲಿವೆ. ನಾನು ಸಂಜೆ ಐದೂವರೆಗೇ ಅಂಗಡಿಯಿಂದ ಬಂದು, ಅವಳು ಬಾಗಿಲು ತಳ್ಳಿದಾಗ ಎದುರಿಗೆ ನಿಂತು, "ತಪ್ಪಾಯ್ತು ಇಂದೂ" ಎನ್ನುವುದನ್ನು ರೂಢಿ ಮಾಡಿಕೊಂಡೆ. ಒಂದು ತಿಂಗಳು ಅವಳು ಕೇಳಿಸಿಕೊಂಡು ಒಳಗೆ ಹೋಗುತ್ತಿದ್ದಳು. ಒಂದು ದಿನ ನಿಂತು ಹೇಳಿದಳು, "ದಿನಾ ಅದನ್ನೇ ಹೇಳ್ಬೇಡಿ ರೀ. ನೀವು ಹೋದ್ಮೇಲೆ ಇಲ್ಲಿ ಅದು ಕೂತ್ರೆ, ನಾನು ಬಾಗಿಲು ತೆಗೆದಾಗೆಲ್ಲ ಅದನ್ನೇ ಕೇಳ್ಬೇಕಾ?" ಅಂದಿನಿಂದ ನಿಲ್ಲಿಸಿದೆ. ಒಮ್ಮೆ ಮಾತ್ರ, ಅವಳಿಗೆ ಹಿತವಾಗಲಿ ಎಂದು, "ಬಾ ಬಾ, ಇನ್ನೂ ಶುರುವಾಗಿಲ್ಲ" ಎಂದೆ. ಅವಳ ಮುಖ ನೋಡಿ ನಾಲಗೆ ಕಚ್ಚಿಕೊಂಡೆ. "ಅದು ಅಪ್ಪಂದು. ಅದನ್ನ ಮುಟ್ಬೇಡಿ" ಎಂದಳು.

ಆಮೇಲೆ ನಾನು ಮಾತನಾಡುವುದನ್ನೇ ಕಡಿಮೆ ಮಾಡಿದೆ. ಯಾವ ಮಾತು ಆಡಹೋದರೂ, ಇದು ಕೂತರೇನು ಗತಿ ಎಂದು ಗಂಟಲಲ್ಲೇ ಉಳಿಯುತ್ತಿತ್ತು. ಓಮು, ವ್ಯಾಟು ಎಂದು ಬೀದಿಗೆಲ್ಲ ಪಾಠ ಹೇಳಿದವನಿಗೆ ಹೆಂಡತಿಗೆ ಹೇಳಲು ಒಂದು ವಾಕ್ಯವೂ ಸಿಗಲಿಲ್ಲ. ಸಂಜೆ ಆರಕ್ಕೆ ಅವಳು ಬಾಗಿಲು ತಳ್ಳುತ್ತಾಳೆ. ಇವತ್ತಿಗೂ ತಳ್ಳಿದ ಮೇಲೆ ಹೊಸ್ತಿಲಲ್ಲಿ ಸ್ವಲ್ಪ ನಿಲ್ಲುತ್ತಾಳೆ, ಆ ಒಂದು ಮಾತು ಮುಗಿಯಲು ಎಷ್ಟು ಹೊತ್ತು ಬೇಕಿತ್ತೋ ಅಷ್ಟೇ ಹೊತ್ತು. ಆಮೇಲೆ ಒಳಗೆ ಬರುತ್ತಾಳೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಹೀಗೆಯೇ ಒಂದು ವರ್ಷ ಕಳೆಯಿತು.

ಕಳೆದ ವಾರ ಅವಳು ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು ನನ್ನನ್ನು ನೋಡಿದಳು. "ಏನಾದ್ರೂ ಮಾತಾಡಿ ರೀ" ಎಂದಳು. "ನೀವು ಹಿಂಗೆ ಬಾಯಿ ಮುಚ್ಕೊಂಡಿದ್ರೆ, ನಾಳೆ ನೀವೂ ಹೋದ್ಮೇಲೆ ಈ ಮನೇಲಿ ನಂಗೆ ಏನೂ ಕೇಳ್ಸಲ್ಲ." ಒಲೆಯ ಮೇಲೆ ಹಾಲು ಉಕ್ಕುವ ಸದ್ದು ಬಂತು. ಬೇರೇನೂ ಹೊಳೆಯದೆ, "ಕಾಫಿ ಇಟ್ಟಿದೀನಿ, ಬಂದು ಕೂತ್ಕೋ" ಎಂದೆ. ಧ್ವನಿ ಕೀರಲಾಗಿ ಬಂತು, ಮಾವನ ಧ್ವನಿಯ ಕಾಲು ಭಾಗವೂ ಇರಲಿಲ್ಲ.

ಅವಳು ಆ ಮೂಲೆಯ ಕಡೆ ಒಮ್ಮೆ ನೋಡಿ ಚಪ್ಪಲಿ ಬಿಟ್ಟಳು. "ನಾಳೇನೂ ಇದನ್ನೇ ಹೇಳಿ" ಎಂದು ಒಳಗೆ ಬಂದಳು.